ನಾದಿನಿಯ ಶೂ, ತಂಗಿಯ ಕಾಲು

"ಬೆಟ್ಟಕ್ಕೆ ಸೈಕಲ್ಲಲ್ಲಿ ಮೊದಲು ನನ್ನೇ ಕರ್ಕೊಂಡು ಹೋಗ್ತೀನಿ ಅಂತ ಚಿಕ್ಕಂದಿನಲ್ಲೇ ಮಾತು ಕೊಟ್ಟಿದ್ದೆ, ಅಕ್ಕಾ."

ಸೈಕಲ್ ಅಂಗಡಿಯಲ್ಲಿ ಮಗನ ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ಕಾಯುತ್ತಿದ್ದೆ. ಪಕ್ಕದಲ್ಲಿ ಯಾರೋ ಅಕ್ಕ-ತಂಗಿ; ತಂಗಿ ಹೊಸ ಶೂ ಹಾಕಿ ನೋಡುತ್ತಿದ್ದಳು.

"ಈ ಸಲ ನಾದಿನಿ, ಮುಂದಿನ ಸಲ ನೀನೇ ಕಣೇ. ಈಗ ಪೆಡಲ್ ಮೇಲೆ ಕಾಲಿಡು, ಜಾರುತ್ತಾ?"

"ಇಲ್ಲ, ಸೋಲ್ ಚಪ್ಪಟೆ ಇದೆ, ಗಟ್ಟಿಯಾಗಿ ಹಿಡಿಯುತ್ತೆ. ನಂಗಾದ್ರೆ ಸೈಕಲ್ ತುಳಿಯೋಕೆ ನಿನ್ನ ಹಳೇ ಓಟದ ಶೂ ಕೊಟ್ಟೆ. ಜಾರಿ ಜಾರಿ ಕಾಲೆಲ್ಲ ಗೀರು."

"ನಾದಿನಿಗೆ ಹಳೇದು ಕೊಟ್ರೆ ಅತ್ತೆ ಸುಮ್ನಿರ್ತಾರಾ?"

"ಅವಳ ಶೂಗೆ ನನ್ನ ಕಾಲು ಯಾಕೆ?"

"ಇಬ್ಬರದೂ ಒಂದೇ ಅಳತೆ, ಅದಕ್ಕೆ. ಸರಿಯಾಗಿದೆಯಾ ಹೇಳು."

"ಬೆರಳು ಒತ್ತುತ್ತೆ. ಒಂದು ಸೈಜ್ ದೊಡ್ಡದು ತಗೋ."

ಅಕ್ಕ ಅಂಗಡಿಯವನತ್ತ ತಿರುಗಿದಳು. ಲೇಸು ಬಿಚ್ಚುವ ಮೊದಲೇ ಶೂ ತಂಗಿಯ ಕಾಲಿನಿಂದ ಸಲೀಸಾಗಿ ಕಳಚಿ ಬಂತು.

ದೊಡ್ಡದನ್ನೇ ಕಟ್ಟಿಸಿಕೊಂಡು ಇಬ್ಬರೂ ಹೊರಟರು.