ಮೂರು ದಿನದ ಹಕ್ಕಿ

ಹಕ್ಕಿ ಅಂಗಡಿ ಇನ್ನೂ ತೆರೆದಿರಲಿಲ್ಲ. ಹೊರಗೆ ಕಾಯುತ್ತಿದ್ದ ಸಾಲಿನಲ್ಲಿ ವೆಲ್ಡರ್ ಒಬ್ಬನ ಮುಂದೆ, ಬೆರಳಿಗೆ ಪಟ್ಟಿ ಸುತ್ತಿಕೊಂಡು ಕಾಲ ಬಳಿ ಹಕ್ಕಿಕಾಳಿನ ಚೀಲ ಇಟ್ಟುಕೊಂಡ ಗಂಡಸೊಬ್ಬ, ಬಡ್ಜಿ ಗಿಳಿಯ ಪಂಜರ ಅವಚಿಕೊಂಡ ಹುಡುಗಿಯೊಬ್ಬಳು.

“ಕೊಡು ಇಲ್ಲಿ. ಕಚ್ಚೋ ಹಕ್ಕಿ ನಮಗ್ಯಾಕೆ? ವಾಪಸ್ ಕೊಡೋಣ.”

“ನೀವ್ಯಾಕೆ ಕೈ ಹಾಕಿದ್ರಿ ಅಂಕಲ್? ಒಂದು ವಾರ ಮುಟ್ಟಬೇಡಿ ಅಂತ ಅಂಗಡಿಯವರು ಬಡ್ಕೊಂಡಿದ್ರು.”

“ಮತ್ತೆ ಅಂಕಲ್ಲಾ? ಅಪ್ಪ ಅನ್ನು ಅಂತ ನಿಮ್ಮಮ್ಮ ಹೇಳಿಲ್ವಾ?”

“ಹೇಳಿದಾಳೆ. ಬಾಯಿಗೆ ಬರಲ್ಲ.”

“ಕೊಬ್ಬು! ನಿನ್ನ ಒಲಿಸ್ಕೊಳ್ಳೋಕೆ ತಾನೇ ಇದನ್ನ ತಂದಿದ್ದು!”

“ಇದು ಬಂದು ಮೂರೇ ದಿನ, ಹೆದರ್ಕೊಂಡಿದೆ. ನೀವು ನಮ್ಮನೆಗೆ ಬಂದು ಮೂರು ತಿಂಗಳಾಯ್ತು, ನಿಮ್ಮನ್ನ ಯಾರಾದ್ರೂ ವಾಪಸ್ ಕಳಿಸಿದ್ರಾ?”

ಗಂಡಸಿನ ಕೈ ಮೇಲೆದ್ದಿತು. ವೆಲ್ಡರ್ ಒಂದು ಹೆಜ್ಜೆ ಮುಂದಿಟ್ಟ. ಕೈ ಇಳಿಯಿತು. ಹುಡುಗಿ ಪಂಜರಕ್ಕೆ ಬಟ್ಟೆ ಹೊದಿಸಿ ಮನೆಯ ಕಡೆ ತಿರುಗಿದಳು.

“ನಡಿ, ನಿಮ್ಮಮ್ಮನಿಗೇ ಹೇಳ್ತೀನಿ!”

“ಹೇಳಿ. ಮೊದ್ಲು ಆ ಕಾಳಿನ ಚೀಲ ಎತ್ಕೊಂಡು ಬನ್ನಿ.”

ಹಲ್ಲು ಕಡಿಯುತ್ತಲೇ ಅವನು ಚೀಲ ಎತ್ತಿಕೊಂಡು ಅವಳ ಹಿಂದೆ ಹೊರಟ.