ಫಿಟ್ಸ್ ಬಂದ್ರ ಏನ್ ಮಾಡ್ತಿ?

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಹುಡುಗಿ, ಪಕ್ಕದಲ್ಲಿ ಅವಳ ಸೋದರತ್ತೆ. ಮೆಡಿಕಲ್ ಕಾಲೇಜಿನ ನರ್ಸ್ ಕೆಲಸದ ಸಂದರ್ಶನದಲ್ಲಿ ಹುಡುಗಿ ಆಯ್ಕೆಯಾಗಲಿಲ್ಲ ಎಂಬುದು ಕಪನೂರ ದಾಟುವಷ್ಟರಲ್ಲಿ ಅರ್ಧ ಬಸ್ಸಿಗೆ ಗೊತ್ತಾಗಿತ್ತು.

"ಅಂಥಾದ್ದೇನ್ ಕೇಳಿದ್ರು, ರಾಜೇಶ್ರೀ?"

"ಯಾರಿಗರೆ ಫಿಟ್ಸ್ ಬಂದ್ರ ಮೊದಲ ಏನ್ ಮಾಡ್ತಿ ಅಂದ್ರು."

"ನೀ ಏನಂದಿ?"

"ಉಳ್ಳಾಗಡ್ಡಿ ಒಡದು ಮೂಗಿಗಿ ಹಿಡೀತೀನಿ ಅಂದುಬಿಟ್ಟೆ, ಅತ್ತಿ. ಬಾಯಾಗ ಅದೇ ಬಂತು. ಎಲ್ಲಾರೂ ನಕ್ಕರು."

"ನಗೂದೇನದ ಅದರಾಗ? ನಿಮ್ಮ ಮಾಮಾಗ ಫಿಟ್ಸ್ ಬಂದಾಗ ನಾ ಅದೇ ಮಾಡ್ತೀನಲ್ಲ."

"ನಿನ್ನ ನೋಡೇ ಕಲ್ತಿದ್ದು."

ಅತ್ತೆ ಅವಳ ಕಡೆ ತಿರುಗಿ ಕೂತಳು.

"ಮತ್ತ ಖರೇ ಏನ್ ಮಾಡಬೇಕು?"

"ಒಂದು ಮಗ್ಗಲಿಗಿ ಮಲಗಿಸಬೇಕು. ತಲಿ ಕೆಳಗ ಮೆತ್ತಂದೇನರೆ ಇಡಬೇಕು. ಬಾಯಾಗ ಏನೂ ಹಾಕಬಾರದು. ಲಗೂನ ನಿಂದರಲಿಲ್ಲಂದ್ರ ದವಾಖಾನಿಗಿ ಒಯ್ಯಬೇಕು."

"ಇನ್ನೊಮ್ಮೆ ಹೇಳು."

ಹುಡುಗಿ ಇನ್ನೊಮ್ಮೆ ಹೇಳಿದಳು.

ಕಮಲಾಪುರ ಬಂತು. ಏಳುವ ಮೊದಲು ಅತ್ತೆ ಕೈಚೀಲದ ತಳದಿಂದ ಒಂದು ಈರುಳ್ಳಿ ತೆಗೆದು ಅವಳ ಕೈಗಿಟ್ಟಳು.

"ನಿಮ್ಮ ಮಾಮಾನ ಸಲುವಾಗಿ ಹೋದಲ್ಲೆಲ್ಲಾ ಇಟ್ಕೊಂಡು ತಿರಗ್ತಿದ್ದೆ. ತಗೋ, ಇವತ್ತು ಪಲ್ಯಾಕ್ಕ ಹಾಕು."