ಸಾವಿತ್ರೆವ್ವ ಬಚ್ಚಿಟ್ಟ ಅರ್ಧ ತಾಸು

ಇದು ನನ್ನ ಕಣ್ಣೆದುರು ಆದದ್ದು. ನಾನು ದೆವ್ವ ಗಿವ್ವ ನಂಬುವವಳಲ್ಲ.

2008ರ ಮಾತು. ಬಜಾಜ್ ನಗರದಲ್ಲಿ ನನ್ನ ಖಾನಾವಳಿ. ಸಾವಿತ್ರೆವ್ವ ರೊಟ್ಟಿ ಬಡಿಯುತ್ತಿದ್ದಳು. ರಾತ್ರಿ ಒಂಬತ್ತಕ್ಕೆ ಒಬ್ಬಳೇ ಧರಮಪೇಠದ ಮನೆಗೆ ನಡೆಯುವಳು. ದಾರಿಯಲ್ಲಿ ಒಂದು ಆಲದ ಮರ. ಮೂರು ವರ್ಷದ ಹಿಂದೆ ಅವಳ ಗಂಡ ಗುರುಪಾದಪ್ಪ ಅಲ್ಲೇ ಎದೆ ಹಿಡಿದು ಬಿದ್ದವನು ಏಳಲಿಲ್ಲ. ಅವಳು ದಿನಾ ಅಲ್ಲಿ ಕೂರುತ್ತಾಳೆಂದು ತಿಳಿದು, ಕತ್ತಲಲ್ಲಿ ಕೂತು ಕೊರಗಿದ್ದು ಸಾಕು, ಇನ್ನೊಮ್ಮೆ ಕೂತರೆ ನನ್ನ ಒಲೆಯ ಹತ್ತಿರ ಬರಬೇಡ ಎಂದು ಕಡ್ಡಿ ಮುರಿದಂತೆ ಹೇಳಿದ್ದೆ. ಅವಳಿಗೆ ದುಡಿಯಲು ಬೇರೆ ಒಲೆ ಇರಲಿಲ್ಲ... ಮಾತಾಡಲು ಬೇರೆ ಜನವೂ ಇರಲಿಲ್ಲ. ಹೂಂ ಅಂದಳು.

ಆಗ ನಮ್ಮಲ್ಲಿ ಉಣ್ಣುತ್ತಿದ್ದ ಶ್ರೀಕಾಂತ ಕಾಲೇಜಿನ ಸಂಶೋಧನೆಗೆಂದು ಕೆಲವರ ಕೈಗೆ ದಪ್ಪ ಗಡಿಯಾರದಂಥ ಪಟ್ಟಿ ಕಟ್ಟಿದ. ನಡೆದ ದಾರಿಯನ್ನೆಲ್ಲ ಅದು ಗುರುತಿಟ್ಟುಕೊಳ್ಳುತ್ತದಂತೆ. ಎಲ್ಲಿದ್ದೀರೆಂದು ನಮಗೆ ತಿಳಿಯಬಾರದು ಅನ್ನಿಸಿದರೆ ಗುಂಡಿ ಒತ್ತಿ ಆರಿಸಿ ಎಂದ. ಜನ ಯಾವ ಹೊತ್ತನ್ನು ಬಚ್ಚಿಡುತ್ತಾರೆ ಎನ್ನುವುದೇ ನಮಗೆ ಬೇಕು, ಅಂದಿದ್ದ.

ಸಾವಿತ್ರೆವ್ವ ಆಲ ಬಂದೊಡನೆ ಆರಿಸುವಳು. ಅರ್ಧ ತಾಸಿನ ಮೇಲೆ, ಮನೆ ಸೇರಿದಾಗಲೇ ಮತ್ತೆ ಒತ್ತುವಳು.

ಒಂದು ರಾತ್ರಿ ಮರದ ಕೆಳಗಿಂದ ಎದ್ದಳು; ಇದು ಆಮೇಲೆ ಅವಳೇ ನನಗೆ ಹೇಳಿದ್ದು. ದಿನವೆಲ್ಲ ಉಣ್ಣುವವರನ್ನು ಕರೆದ ಬಾಯಿ. ತಿಳಿಯದೆ ಅಂದುಬಿಟ್ಟಳು.

"ಏಳ್ರಿ... ಊಟಕ್ಕ ಬರ್ರಿ."

ಸತ್ತ ಜಾಗದಲ್ಲಿ ನಿಂತು ಊಟಕ್ಕೆ ಕರೆಯಬಾರದು. ನಮ್ಮ ಕಡೆ ಮಕ್ಕಳಿಗೂ ಗೊತ್ತು.

ಹಿಂದೆ ಸದ್ದಾಯಿತು. ಟಪ್... ಸರ್ರ್. ಟಪ್... ಸರ್ರ್. ಎಡಗಾಲ ಚಪ್ಪಲಿ ಎಳೆಯುವ ಸದ್ದು. ಗುರುಪಾದಪ್ಪ ಹಾಗೇ ನಡೆಯುತ್ತಿದ್ದ. ಅವಳು ತಿರುಗಿ ನೋಡಲಿಲ್ಲ. ನಿಲ್ಲಲೂ ಇಲ್ಲ.

ವಾರದ ಕೊನೆಗೆ ಶ್ರೀಕಾಂತ ನಕ್ಷೆ ತಂದು ಊಟದ ಟೇಬಲ್ ಮೇಲೆ ಹರಡಿದ. ಆ ರಾತ್ರಿ ಅವಳು ಪಟ್ಟಿ ಆರಿಸಿದ್ದ ಹೊತ್ತಿಗೆ, ಖಾಲಿ ಇರಬೇಕಾದ ಕಡೆ ಚುಕ್ಕೆಗಳಿದ್ದವು. ಆಲದಿಂದ ಹೊರಟು, ಮೂಲೆಯಲ್ಲಿ ನಾಲ್ಕು ನಿಮಿಷ ನಿಂತು, ಅವಳ ಬಾಗಿಲಲ್ಲಿ ಮುಗಿದಿದ್ದವು. ಮೂಲೆಯಲ್ಲಿ ಮೊದಲು ಪಾನ್ ಅಂಗಡಿ ಇತ್ತು. ಗುರುಪಾದಪ್ಪ ದಿನಾ ಗುಲ್ಕಂದ ಹಾಕಿಸಿ ಬೀಡಾ ಕಟ್ಟಿಸುತ್ತಿದ್ದದ್ದು ಅಲ್ಲೇ. ಅದನ್ನು ಕೆಡವಿ ಎರಡು ವರ್ಷ.

ಯಂತ್ರ ಕೆಟ್ಟಿದೆ, ಇದನ್ನು ಸರ್‌ಗೆ ತೋರಿಸಬೇಕು ಅಂದ ಶ್ರೀಕಾಂತ.

ಸಾವಿತ್ರೆವ್ವ ಮೊದಲು ನನ್ನ ಮುಖ ನೋಡಿದಳು. ಬಚ್ಚಿಟ್ಟದ್ದು ಬಯಲಾಗಿತ್ತು. ಆಮೇಲೆ ಪಿಸುಗುಟ್ಟಿದಳು.

"ತಮ್ಮಾ, ನನ್ನ ದಾರಿ ಯಾರಿಗೆ ಬೇಕಾದ್ರೂ ತೋರ್ಸು... ಅವರದು ತೋರಿಸಬ್ಯಾಡ."

ಪಟ್ಟಿ ಬಿಚ್ಚಿಟ್ಟಳು. ನಕ್ಷೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಮರುದಿನ ಅವಳು ಬರಲಿಲ್ಲ. ನಾನೇ ಹೋದೆ. ಬಾಗಿಲು ತೆರೆದಿತ್ತು.

"ರಾತ್ರಿ ಅಗಳಿ ಹಾಕಲಿಲ್ಲೇನ?"

"ಬರೋರಿದ್ರು, ಅಕ್ಕಾರ."

ಒಳಗೆ ಎರಡು ತಾಟು ತೊಳೆದು ಬೋರಲು ಹಾಕಿದ್ದಳು. ನಾನು ಬೈಯಲಿಲ್ಲ. ಜಲ್ದಿ ಬಾ, ಹಿಟ್ಟು ಕಾಯ್ತೈತಿ, ರಾತ್ರಿ ಇಬ್ಬರಿಗೆ ಕಟ್ಟಿಕೊಡ್ತೀನಿ ಅಂದೆ.

ಹೊರಡುವಾಗ ಮೆಟ್ಟಿಲು ನೋಡಿದೆ. ಕೆಂಪಗೆ ಬೀಡಾ ಉಗುಳಿದ ಗುರುತು. ಇನ್ನೂ ಹಸಿ. ಸಾವಿತ್ರೆವ್ವ ಹುಟ್ಟಿದಾಗಿನಿಂದ ಎಲೆ ಅಡಿಕೆ ಮುಟ್ಟಿದವಳಲ್ಲ.

ಒಂದು ತಂಬಿಗೆ ನೀರು ಹಾಕಿ ನಾನೇ, ಈ ಕೈಯಿಂದಲೇ, ಉಜ್ಜಿ ತೊಳೆದೆ. ಸಂಜೆಯವರೆಗೂ ಬೆರಳಿಗೆ ಗುಲ್ಕಂದದ ವಾಸನೆ ಇತ್ತು.